ಅಮ್ಮನ ಅಡ್ಡಹೆಸರು

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಗೆ ಬಿತ್ತಂತೆ. ಈ ಗಾದೆಯನ್ನು ಕಟ್ಟಿದ ಹಿರಿಯರು ಯಾವುದಾದರೊಂದು ಸರಕಾರಿ ಕಚೇರಿಯ ಗುಮಾಸ್ತನನ್ನು ಎದುರಿಗೆ ಕೂಡಿಸಿಕೊಂಡೇ ಕಟ್ಟಿರಬೇಕೆಂದು ನನಗೆ ಈಚೆಗೆ ದೃಢವಾಗಿದೆ. ನಾನು ಮುಂಬಯಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಹನ್ನೊಂದು ವರ್ಷಗಳಿಂದ ನನ್ನ ಕೆಲಸವೆಂದರೆ ಪರರ ಅರ್ಜಿಗಳಲ್ಲಿ ತಪ್ಪು ಹುಡುಕುವುದು. ರುಜು ಇಲ್ಲದಿದ್ದರೆ ಅರ್ಜಿ ಹಿಂದಕ್ಕೆ; ತಾರೀಖು ತಪ್ಪಿದ್ದರೆ ಹಿಂದಕ್ಕೆ; ಒಂದು ಕಡೆ ‘ರಾವ್’ ಎಂದೂ ಇನ್ನೊಂದು ಕಡೆ ‘ರಾವು’ ಎಂದೂ ಇದ್ದರಂತೂ ಅರ್ಜಿಯ ಜೊತೆಗೆ ಅರ್ಜಿದಾರನೂ ಹಿಂದಕ್ಕೆ. ಇಂಥ ನಾನು ನನ್ನ ಹೆತ್ತ ತಾಯಿಯ ವಿದೇಶ ಪ್ರಯಾಣದ ಕಾಗದಪತ್ರಗಳಲ್ಲಿ ಮಾಡಿದ ತಪ್ಪುಗಳನ್ನು ಈಗ ವಾಚಕರ ಮುಂದೆ ಒಪ್ಪಿಸಿಕೊಳ್ಳುತ್ತಿದ್ದೇನೆ. ನಮ್ಮ ಸಂಘದ ಸದಸ್ಯರಲ್ಲಿ ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿದವರು ಬಹಳ ಮಂದಿ. ಅವರಿಗೆ ಉಪಯೋಗವಾದರೆ ನನ್ನ ಮಾನ ಹೋದದ್ದು ಸಾರ್ಥಕ.

ನನ್ನ ತಂಗಿಯನ್ನು ಕೊಟ್ಟಿರುವುದು ದುಬಾಯಿಯಲ್ಲಿ ಕೆಲಸದಲ್ಲಿರುವ ಹುಡುಗನಿಗೆ. ಮದುವೆಯಾಗಿ ಆರು ವರ್ಷಗಳ ಮೇಲೆ ಬಸುರಾದಳು. 2024ರ ಫೆಬ್ರವರಿ ನಡುವಿಗೆ ದಿನ ತುಂಬುವುದೆಂದು ವೈದ್ಯರು ಹೇಳಿದ್ದರು. ಅವಳು ಇಲ್ಲಿಗೇ ಬರಬೇಕಾಗಿತ್ತು. ಆದರೆ ಪ್ರಯಾಣ ಬೇಡವೆಂದು ವೈದ್ಯರು ತಡೆದರು. “ಅಣ್ಣ, ಅಮ್ಮನನ್ನು ಕಳಿಸಿಬಿಡು. ಬೇರೆ ಯಾರೂ ಬೇಡ” ಎಂದು ಫೋನಿನಲ್ಲಿ ಅತ್ತಳು. ನಾನು “ಅದೇನು ಮಹಾ ಕೆಲಸ! ಜನವರಿ 25ಕ್ಕೆ ಅಮ್ಮ ನಿನ್ನ ಮನೆಯಲ್ಲಿರುತ್ತಾರೆ, ಬರೆದಿಟ್ಟುಕೊ” ಎಂದೆ. ಅವಳು ನಿಜವಾಗಿಯೂ ಬರೆದಿಟ್ಟುಕೊಂಡಿದ್ದಳು ಎಂಬುದು ನನಗೆ ಆಮೇಲೆ ತಿಳಿಯಿತು.

ಅಂದೇ ರಾತ್ರಿ ವಿಮಾನದ ಟಿಕೆಟ್ ತೆಗೆದೆ. ಹೋಗಿಬರುವುದಕ್ಕೆ 22,000 ರೂಪಾಯಿ. ರದ್ದು ಮಾಡಿದರೆ ಹಣ ಹಿಂದಿರುಗದ ಟಿಕೆಟ್ಟು ಎರಡು ಸಾವಿರ ರೂಪಾಯಿ ಅಗ್ಗವಿತ್ತು, ಅದನ್ನೇ ಕೊಂಡೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂದು ಲೋಕ ನಗುತ್ತದೆ. ನಮ್ಮ ಮನೆಯಲ್ಲಿ ಅಮ್ಮ ಆಗಲೇ ಎರಡು ಕುಲಾವಿಗಳನ್ನು ಹೊಲಿದು ಪೆಟ್ಟಿಗೆಯಲ್ಲಿಟ್ಟಿದ್ದರು. ಅದು ತಪ್ಪಲ್ಲ, ಅಜ್ಜಿಯಾಗುವವರ ಹಕ್ಕು. ವೀಸಾ ಹುಟ್ಟುವ ಮುನ್ನ ನಾನು ಕೊಂಡ ಟಿಕೆಟ್ಟೇ ನಗೆಪಾಟಲಿನ ಕುಲಾವಿ.

ಅಮ್ಮನ ಬಳಿ ಪಾಸ್‌ಪೋರ್ಟ್ ಇತ್ತು. ಮಾನಸ ಸರೋವರದ ಯಾತ್ರೆಗೆ ಹೋಗಬೇಕೆಂಬುದು ನಮ್ಮ ತಂದೆಯವರ ಬಹುಕಾಲದ ಆಸೆ. ಆ ದಾರಿ ಚೀನಾಕ್ಕೆ ಸೇರಿದ ಟಿಬೆಟಿನಲ್ಲಿ ಹಾದುಹೋಗುವುದರಿಂದ ಪಾಸ್‌ಪೋರ್ಟ್ ಬೇಕೇ ಬೇಕು. 2014ರ ಜೂನ್ ತಿಂಗಳಲ್ಲಿ ಇಬ್ಬರಿಗೂ ಮಾಡಿಸಿದ್ದರು. 2016ರಲ್ಲಿ ತಂದೆಯವರು ತೀರಿಕೊಂಡರು. ಒಂದು ಮೊಹರೂ ಬೀಳದ ಆ ಎರಡು ಪುಸ್ತಕಗಳು ಬೀರುವಿನಲ್ಲಿ, ರೇಷ್ಮೆ ಸೀರೆಯ ಕೆಳಗೆ, ಜೊತೆಯಾಗಿಯೇ ಇದ್ದವು.

ಡಿಸೆಂಬರಿನಲ್ಲಿ ವೀಸಾ ಮಾಡಿಸಿಕೊಡುವ ಏಜೆಂಟರ ಬಳಿಗೆ ಹೋದೆ. ಆತ ಪಾಸ್‌ಪೋರ್ಟ್ ತಿರುವಿ ನೋಡಿ, “ಇದು ನಡೆಯುವುದಿಲ್ಲ, ಸಾಹೇಬರೆ” ಎಂದ.

“ಯಾಕೆ ನಡೆಯುವುದಿಲ್ಲ? 2024ರ ಜೂನ್ ವರೆಗೆ ಅವಧಿಯಿದೆಯಲ್ಲ!”

“ಪ್ರಯಾಣದ ದಿನದಿಂದ ಆರು ತಿಂಗಳಾದರೂ ಅವಧಿ ಉಳಿದಿರಬೇಕು. ನಿಮಗೆ ಐದೂ ಇಲ್ಲ.”

ಹತ್ತು ವರ್ಷದ ಪಾಸ್‌ಪೋರ್ಟ್ ಹತ್ತು ವರ್ಷವೂ ನಡೆಯುತ್ತದೆಂದು ನಾನು ತಿಳಿದಿದ್ದೆ. ಎಷ್ಟೋ ದೇಶಗಳ ಮಟ್ಟಿಗೆ ಅದು ಒಂಬತ್ತೂವರೆ ವರ್ಷವೇ ನಡೆಯುವುದು. ಇರಲಿ, ಎಂದು ಮರುದಿನವೇ ಹೊಸ ಪಾಸ್‌ಪೋರ್ಟಿಗೆ ಅರ್ಜಿ ತುಂಬಿ 1,500 ರೂಪಾಯಿ ಕಟ್ಟಿದೆ. ಅಮ್ಮನನ್ನು ಠಾಣೆಯ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಂದೆ. ಹಳೆಯ ಪುಸ್ತಕದಲ್ಲಿ ಏನಿತ್ತೋ ಅದನ್ನು ಅಕ್ಷರವೂ ತಪ್ಪದಂತೆ ನಕಲು ಮಾಡಿದ್ದೆ. ಯಥಾಪ್ರತಿ ನಕಲು ಗುಮಾಸ್ತನ ಮೊದಲನೆಯ ಧರ್ಮವಷ್ಟೆ. ಜನವರಿ ಮೊದಲ ವಾರದಲ್ಲಿ ಹೊಸ ಪುಸ್ತಕ ಅಂಚೆಯಲ್ಲಿ ಬಂತು. ಗೆದ್ದೆನೆಂದು ಏಜೆಂಟರ ಬಳಿಗೆ ಓಡಿದೆ.

ಆತ ಈ ಸಲ ಮೊದಲ ಪುಟದಲ್ಲೇ ನಿಂತ. “ಇವರಿಗೆ ಅಡ್ಡಹೆಸರು ಎಲ್ಲಿ?”

ನಮ್ಮ ಅಮ್ಮನಿಗೆ ಒಂದೇ ಹೆಸರು. ತಿಪಟೂರಿನ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗಳಿಗೆ ಎರಡನೆಯ ಹೆಸರಿನ ಅಗತ್ಯ ಯಾರಿಗೆ ಕಂಡಿತ್ತು? ಹಳೇ ಮೈಸೂರಿನವರಾದ ನಮಗೆ ಊರಿನದೊಂದು, ತಂದೆಯದೊಂದು ಇನಿಷಿಯಲ್ ಸಾಕು. ಆದರೆ ಪಾಸ್‌ಪೋರ್ಟಿನ ಅರ್ಜಿಯಲ್ಲಿ ಇನಿಷಿಯಲ್ಲಿಗೆ ಜಾಗವಿಲ್ಲ; ಅದನ್ನು ಬಿಡಿಸಿ ಪೂರ್ತಿ ಬರೆಯಬೇಕು. ಈ ಮುಂಬಯಿಯಲ್ಲಿ “ಆಡನಾವ್ ಕಾಯ್?” ಎಂದು ಎದುರಿಗಿದ್ದವರು ಕೇಳಿದಾಗಲೆಲ್ಲ ತಂದೆಯ ಹೆಸರನ್ನು ಹೇಳಿ ನಾನು ತಪ್ಪಿಸಿಕೊಂಡಿದ್ದೇನೆ. ಅಮ್ಮನನ್ನು ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ಸಂದರ್ಶಕರ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಆ ದೇಶದವರು 2022ರ ನವೆಂಬರಿನಲ್ಲೇ ಸೂಚನೆ ಹೊರಡಿಸಿದ್ದರಂತೆ. ವಿಮಾನ ಕಂಪನಿಗಳು ಅದನ್ನು ಸಾರಿದ್ದವು, ಪತ್ರಿಕೆಗಳಲ್ಲೂ ಬಂದಿತ್ತು. ನಾನು ಓದಿರಲಿಲ್ಲ. ಒಂದು ತಿಂಗಳ ಹಿಂದೆ ಅರ್ಜಿ ತುಂಬುವಾಗಲೇ ಆ ಖಾಲಿ ಮನೆಯಲ್ಲಿ ಒಂದು ಹೆಸರು ಬರೆದಿದ್ದರೆ ಕೆಲಸ ಮುಗಿಯುತ್ತಿತ್ತು. ಎರಡನೆಯ ಸಲ ಮಾಡಿದ ಅದೇ ತಪ್ಪಿಗೆ ನನ್ನ ಕಚೇರಿಯಲ್ಲಾದರೆ ಮೆಮೊ ಕೊಡುತ್ತಾರೆ.

ಮನೆಗೆ ಬಂದು ವಿಷಯ ಹೇಳಿದೆ. ಅಮ್ಮ ಹೂಬತ್ತಿ ಹೊಸೆಯುತ್ತಿದ್ದರು. “ಅರವತ್ತೇಳು ವರ್ಷ ಒಂದೇ ಹೆಸರಿನಲ್ಲಿ ನಡೀತಲ್ಲೋ. ಈಗ ಇನ್ನೊಂದು ಎಲ್ಲಿಂದ ತರೋಣ?” ಎಂದರು.

“ಅಪ್ಪನ ಹೆಸರು ಹಾಕೋಣಮ್ಮ. ಎಲ್ಲರೂ ಹಾಗೇ ಮಾಡೋದು.”

ಅಮ್ಮನ ಕೈ ನಿಂತಿತು. ನಮ್ಮ ತಂದೆಯವರ ಹೆಸರನ್ನು ಆಕೆ ಬಾಯಿಬಿಟ್ಟು ಹೇಳಿದ್ದನ್ನು ನಾವು ಯಾರೂ ಕೇಳಿಲ್ಲ. ಹಬ್ಬಹರಿದಿನಗಳಲ್ಲಿ ಒಗಟು ಕಟ್ಟಿ ಹೇಳಬೇಕಾದಾಗಲೂ ನಕ್ಕು ಒಳಗೆ ಹೋಗಿಬಿಡುತ್ತಿದ್ದರು. “ನಾನು ಅವರ ಹೆಸರು ಹಿಡಿದವಳಲ್ಲ ಕಣೋ. ಈಗ ನನ್ನ ಹೆಸರಿನ ಪಕ್ಕದಲ್ಲೇ ತಂದು ಕೂಡಿಸ್ತೀಯಾ?” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಬತ್ತಿ ಹೊಸೆಯುತ್ತ, “ಕೂಡಿಸು. ಮಾನಸ ಸರೋವರಕ್ಕಂತೂ ಜೊತೆಯಾಗಿ ಹೋಗಲಿಲ್ಲ” ಎಂದರು.

ಹೇಳುವಷ್ಟು ಸುಲಭವಾಗಿ ಹೆಸರು ಕೂಡುವುದಿಲ್ಲ. ಆಧಾರದಲ್ಲಿ ಬರೀ ಹೆಸರು, ಪಿಂಚಣಿಯ ಕಾಗದದಲ್ಲಿ ಹೆಸರಿನ ಮುಂದೆ ‘ಶ್ರೀಮತಿ’ಯನ್ನೂ ಸೇರಿಸಿದ್ದರು, ಬ್ಯಾಂಕಿನ ಪುಸ್ತಕದಲ್ಲಿ ಎರಡು ಇನಿಷಿಯಲ್. ಮೊದಲು ಆಧಾರವನ್ನು ತಿದ್ದಿಸಿದೆ. ಅಲ್ಲಿಯೂ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಕೈ ನಡುಗುತ್ತ ಮೂರು ಸಲ ಓದಿ ಒಪ್ಪಿಸಿದೆ. ಬಳಿಕ ಮತ್ತೆ ಪಾಸ್‌ಪೋರ್ಟಿಗೆ ಅರ್ಜಿ, ಮತ್ತೆ ಠಾಣೆ, ಮತ್ತೆ ಪೊಲೀಸರ ವಿಚಾರಣೆ. ಸೇವಾ ಕೇಂದ್ರದ ಮೇಜಿನ ಆಚೆಗಿದ್ದ ಹುಡುಗಿ “ಆಜಿ, ಪೂರಾ ನಾಮ್ ಬತಾಯಿಯೇ” ಎಂದಳು. ಅಮ್ಮ ತಮ್ಮ ಹೆಸರು ಹೇಳಿ, ನನ್ನ ಮುಖ ನೋಡಿದರು. ಉಳಿದರ್ಧವನ್ನು ನಾನು ಹೇಳಿದೆ.

ಜನವರಿ 25 ಬಂತು, ಹೋಯಿತು. ಟಿಕೆಟ್ಟಿನ 22,000ದಲ್ಲಿ ತೆರಿಗೆಯ ಬಾಬ್ತು ಎಂದು ಮೂರು ಸಾವಿರದ ಚಿಲ್ಲರೆ ಹಿಂದಿರುಗಿತು. ಹಣದ ಮಾತು ಇಷ್ಟಕ್ಕೇ ಬಿಡುತ್ತೇನೆ. ಫೆಬ್ರವರಿ 11ರ ಬೆಳಗಿನ ಜಾವ ತಂಗಿಗೆ ಹೆರಿಗೆಯಾಯಿತು, ಹೆಣ್ಣುಮಗು. ಆ ದಿನ ಅಮ್ಮ ಡೊಂಬಿವಲಿಯ ನಮ್ಮ ಅಡಿಗೆಮನೆಯಲ್ಲಿ ನಿಂತು, ಫೋನಿನಲ್ಲಿ, “ತಲೆಗೆ ಬಟ್ಟೆ ಕಟ್ಟಿಕೋ, ತಣ್ಣೀರು ಮುಟ್ಟಬೇಡ” ಎಂದು ಹೇಳುತ್ತಿದ್ದರು. ಫೋನ್ ಇಟ್ಟ ಮೇಲೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇನ್ನು ಸಾಮಾನಿನ ಕಥೆ. ಬಾಣಂತಿಗೆಂದು ಅಮ್ಮ ಮೂರು ಕಿಲೋ ಅಂಟಿನುಂಡೆ ಕಟ್ಟಿದ್ದರು: ಅಂಟು, ಕೊಬ್ಬರಿ, ಉತ್ತುತ್ತೆ, ಬೆಲ್ಲ, ಮತ್ತು ಕೈತುಂಬ ಗಸಗಸೆ. ಈ ಸಲ ನಾನು ಮೈಯೆಲ್ಲ ಕಣ್ಣಾಗಿ ಪ್ರತಿಯೊಂದು ನಿಯಮವನ್ನೂ ಓದುತ್ತಿದ್ದುದರಿಂದ ಸಿಕ್ಕಿತು: ಆ ದೇಶಕ್ಕೆ ಗಸಗಸೆಯನ್ನು ಒಯ್ಯುವಂತಿಲ್ಲ. ನಮಗೆ ಅದು ಪಾಯಸದ ಸಾಮಾನು. ಅವರ ಕಾನೂನಿಗೆ ಅಫೀಮಿನ ಗಿಡದ ಬೀಜ. ಸಿಂಗಪುರದಲ್ಲಿಯೂ ಹಾಗೆಯೇ. ಅಮ್ಮನಿಗೆ ಹೇಳಿದರೆ ನಂಬಲೇ ಇಲ್ಲ. “ಅಫೀಮೇ! ನಿನಗೆ ಎಷ್ಟು ಸಲ ಕುಡಿಸಿದ್ದೀನಿ!” ಎಂದರು. ಬಹುಶಃ ನಾನು ಹೀಗಾದದ್ದಕ್ಕೆ ಅದೇ ಕಾರಣವಿರಬಹುದು. ಜನವರಿ 25ಕ್ಕೇ ಹೊರಟಿದ್ದರೆ ಆ ಉಂಡೆಗಳೊಡನೆಯೇ ಹೊರಡುತ್ತಿದ್ದರು. ಭಾಷೆ ಬಾರದ ಊರಿನ ವಿಮಾನ ನಿಲ್ದಾಣದಲ್ಲಿ ಆಕೆ ಒಬ್ಬರೇ ಪೊಲೀಸರ ಮುಂದೆ ನಿಂತಿರುವ ಚಿತ್ರ ನನ್ನ ಕಣ್ಣಿಗೆ ಕಟ್ಟಿ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅಮ್ಮ ಗಸಗಸೆಯಿಲ್ಲದೆ ಬೇರೆ ಉಂಡೆ ಕಟ್ಟಿದರು. ಮೊದಲಿನ ಮೂರು ಕಿಲೋವನ್ನು ನಮ್ಮ ಕಚೇರಿಯ ಸಿಬ್ಬಂದಿ ಹದಿನೈದು ದಿನ ಬಾಣಂತಿಯರಂತೆ ತಿಂದಿತು.

ತಿಪಟೂರಿನವರಾದ ನಮಗೆ ಇನ್ನೊಂದು ಪೆಟ್ಟು ಬಿತ್ತು. ಕೊಬ್ಬರಿಯ ಗಿಟುಕುಗಳನ್ನು ವಿಮಾನಕ್ಕೆ ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಕೂಡದು. ಅದರಲ್ಲಿ ಎಣ್ಣೆ ಹೆಚ್ಚು, ಬೆಂಕಿಯ ಭಯವೆಂದು 2022ರಲ್ಲಿ ನಮ್ಮ ದೇಶದವರೇ ನಿಷೇಧಿಸಿದ್ದಾರೆ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿರಲಿ; ರಕ್ತದೊತ್ತಡದ ಮಾತ್ರೆ ದೊಡ್ಡ ಪೆಟ್ಟಿಗೆಯಲ್ಲಿ ಬೇಡ, ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿರಲಿ. ನಾನು ಇವೆರಡನ್ನೂ ಮೊದಲು ತಿರುವುಮುರುವಾಗಿ ಇಟ್ಟಿದ್ದೆನೆಂದು ಹೇಳಬೇಕಾಗಿಲ್ಲವಷ್ಟೆ.

ಹೊಸ ಪಾಸ್‌ಪೋರ್ಟ್ ಫೆಬ್ರವರಿ 17ಕ್ಕೆ ಬಂತು. ವೀಸಾ ಕೈಗೆ ಬಂದ ಮೇಲೆ, ಹೌದು, ಬಂದ ಮೇಲೆಯೇ, ಪಾಸ್‌ಪೋರ್ಟಿನಲ್ಲಿದ್ದ ಹೆಸರಿನಲ್ಲೇ ಟಿಕೆಟ್ ತೆಗೆದೆ. ಗಾಲಿಕುರ್ಚಿ ಬೇಕೆಂದು ವಿಮಾನ ಕಂಪನಿಗೆ ಮುಂಚಿತವಾಗಿ ತಿಳಿಸಿದೆ. ಅಮ್ಮನಿಗೆ ನಡೆಯಲು ಬರುತ್ತದೆ. ಆದರೆ ಕುರ್ಚಿ ತಳ್ಳುವವನು ಜೊತೆಗಿದ್ದರೆ ದಾರಿ ಕೇಳುವ ಕಷ್ಟವಿಲ್ಲ. ಒಂದು ಕಾಗದದ ಮೇಲೆ ತಂಗಿಯ ಮನೆಯ ವಿಳಾಸ, ಭಾವನ ಫೋನ್ ನಂಬರು ಬರೆದು ಚೀಲದಲ್ಲಿಟ್ಟೆ. ಫೆಬ್ರವರಿ 26ರ ಸಂಜೆ ಅಮ್ಮ ಹೊರಟರು.

ಈಗ ನಮ್ಮ ಕಟ್ಟಡದವರೆಲ್ಲ ಹೊರದೇಶದ ವಿಚಾರವಾಗಿ ನನ್ನನ್ನೇ ಕೇಳುತ್ತಾರೆ. ಎಡವಿದವನಿಗೇ ಕಲ್ಲಿನ ಗುರುತು ಹೆಚ್ಚು ತಾನೆ? ಯುರೋಪಿಗೆ ಹೊರಡುವವರಿಗೆ ಹೇಳುತ್ತೇನೆ: ಶೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡಮಾಡಬಾರದು, ಹೆಚ್ಚು ದಿನ ತಂಗುವುದು ಯಾವ ದೇಶದಲ್ಲೋ ಅಲ್ಲಿಗೇ ಅರ್ಜಿ, 30,000 ಯೂರೋಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಇರಲೇಬೇಕು. ನನ್ನ ಹಾಗೆ ಸರಕಾರದ ಅನ್ನ ತಿನ್ನುವವರಿಗೆ ಹೇಳುತ್ತೇನೆ: ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಕಚೇರಿಗೆ ತಿಳಿಸಬೇಕು, ಸ್ವಂತ ಕೆಲಸಕ್ಕೆ ಹೊರದೇಶಕ್ಕೆ ಹೋಗುವಾಗ ರಜೆಯ ಜೊತೆಗೆ ಅನುಮತಿಯನ್ನೂ ಪಡೆಯಬೇಕು. ಎಲ್ಲರಿಗೂ ಹೇಳುವುದು ಇದು: ಇಂದೇ ಬೀರು ತೆಗೆದು ಮನೆಯ ಹಿರಿಯರ ಪಾಸ್‌ಪೋರ್ಟ್ ನೋಡಿ. ಮುಗಿಯುವ ತಾರೀಖು ನೋಡಿ, ಹೆಸರಿನ ಮನೆ ಖಾಲಿಯಿದೆಯೇ ನೋಡಿ. ನಿಯಮಗಳು ಬದಲಾಗುತ್ತಿರುತ್ತವೆ, ಹೋದ ವರ್ಷ ಹೋಗಿಬಂದವರ ಮಾತನ್ನು ನೆಚ್ಚದೆ ಆಯಾ ದೇಶದ ಸರಕಾರ ಹೇಳಿದ್ದನ್ನೇ ಓದಿ. ಹುಟ್ಟುವ ಮಗು ನಿಮ್ಮ ಕಾಗದಪತ್ರಕ್ಕೆ ಕಾಯುವುದಿಲ್ಲ.

ಅಮ್ಮ ಎರಡು ತಿಂಗಳು ಅಲ್ಲಿದ್ದು, ವೀಸಾದ ಅವಧಿಗೆ ಮೂರು ದಿನ ಮುಂಚೆಯೇ ತಿರುಗಿ ಬಂದರು. ಬಂದ ಮೊದಲ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ: “ಅಲ್ಲಿ ವಿಮಾನ ನಿಲ್ದಾಣದಲ್ಲಿ ಏನಾದರೂ ತೊಂದರೆಯಾಯಿತೇನಮ್ಮ?”

“ಏನೂ ಇಲ್ಲ. ಪುಸ್ತಕ ನೋಡಿದ, ಹೆಸರು ಕೇಳಿದ.”

“ಹೇಳಿದಿರಾ?”

ಅಮ್ಮ ತಟ್ಟೆಗೆ ಮಜ್ಜಿಗೆ ಹಾಕಿಕೊಂಡರು. “ಅಲ್ಲಿ ನೀನಿರಲಿಲ್ಲವಲ್ಲ. ಪೂರ್ತಿ ನಾನೇ ಹೇಳಿದೆ” ಎಂದರು.

ಮರುದಿನ ಪಾಸ್‌ಪೋರ್ಟನ್ನು ಬೀರುವಿನಲ್ಲಿಡಲು ಹೋದೆ. ರೇಷ್ಮೆ ಸೀರೆಯ ಕೆಳಗೆ ತಂದೆಯವರ ಪುಸ್ತಕ ಹಾಗೆಯೇ ಇತ್ತು. ಅದರ ಮೇಲೆ ಇದನ್ನಿಟ್ಟು ಬಾಗಿಲು ಹಾಕಿದೆ.