ನೆರಳಿಲ್ಲದ ಊರಿನಲ್ಲಿ ಎರಡು ಲೆಕ್ಕ

ಭೂಪಟದಲ್ಲಿ ಬೆಂಗಳೂರಿನ ಮೇಲೆ ಬೆರಳಿಟ್ಟು ನೇರ ಪಶ್ಚಿಮಕ್ಕೆ ಎಳೆಯಿರಿ. ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ಸಾಗರ ದಾಟಿದ ಮೇಲೆ ಬೆರಳು ಬಾರ್ಬಡೋಸ್ ಎಂಬ ಪುಟ್ಟ ದ್ವೀಪಕ್ಕೆ ತಾಗುತ್ತದೆ. ಅದರ ರಾಜಧಾನಿ ಬ್ರಿಜ್‌ಟೌನ್. ಎರಡೂ ಊರುಗಳ ಅಕ್ಷಾಂಶ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ. ಕ್ರಿಕೆಟ್ ಹುಚ್ಚಿನ ಹುಡುಗರಿಗೆ ಈ ಊರಿನ ಪರಿಚಯ ಬೇಕಿಲ್ಲ. 2024ರಲ್ಲಿ ಭಾರತ ಟಿ-20 ವಿಶ್ವಕಪ್ ಗೆದ್ದದ್ದು ಇಲ್ಲಿನ ಕೆನ್ಸಿಂಗ್ಟನ್ ಓವಲ್ ಮೈದಾನದಲ್ಲಿ.

2025ರ ಬೇಸಿಗೆ ರಜೆಯಲ್ಲಿ ಟೊರಾಂಟೊದ ಮಗಳು-ಅಳಿಯ ನಮ್ಮಿಬ್ಬರನ್ನೂ ಕರೆಸಿಕೊಂಡು, ಒಂದು ವಾರ ಬ್ರಿಜ್‌ಟೌನ್‌ಗೆ ಕರೆದೊಯ್ದರು. ಅವರಿಗೆ ಸಮುದ್ರಸ್ನಾನದ ಆಸೆ, ವಿಜ್ಞಾನದ ಮೇಷ್ಟ್ರಾದ ನನಗೆ ನೆರಳಿನ ಆಸೆ! ಏಪ್ರಿಲ್ ಕೊನೆಯ ವಾರ 13 ಡಿಗ್ರಿಯ ಊರುಗಳಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಸಮುದ್ರದ ದಂಡೆಯಲ್ಲಿ ನೀರಿನ ಬಾಟಲಿ ನಿಲ್ಲಿಸಿ ಕಾದೆ. ಹನ್ನೆರಡಕ್ಕೆ ಮೂರ್ನಾಲ್ಕು ನಿಮಿಷ ಇರುವಾಗಲೇ ಅದರ ನೆರಳು ಬುಡದಲ್ಲಿ ಅಡಗಿತು.

“ನಮ್ಮೂರಲ್ಲಿ ಹನ್ನೆರಡೂಕಾಲು ದಾಟಬೇಕು ಅಂತೀರಲ್ಲ, ಇಲ್ಲಿ ಯಾಕ್ರೀ ಬೇಗ?” ಎಂದಳು ನನ್ನಾಕೆ.

ಉತ್ತರವಿರುವುದು ರೇಖಾಂಶದಲ್ಲಿ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಭಾರತದ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ ತೋರಿಸುತ್ತವೆ. ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮದಲ್ಲಿರುವುದರಿಂದ ಅಲ್ಲಿ ಸೂರ್ಯ ಅಷ್ಟು ತಡ. ಬ್ರಿಜ್‌ಟೌನ್ ತನ್ನ ಗಡಿಯಾರದ 60 ಡಿಗ್ರಿ ರೇಖೆಯ ಮಗ್ಗುಲಲ್ಲೇ ಇದೆ.

ಹಿಂದಿನ ನಾವಿಕರಿಗೆ ಅಕ್ಷಾಂಶವನ್ನು ಸೂರ್ಯನೋ ಧ್ರುವನಕ್ಷತ್ರವೋ ತಿಳಿಸುತ್ತಿತ್ತು. ರೇಖಾಂಶಕ್ಕೆ ಮಾತ್ರ, ಹೊರಟ ಬಂದರಿನ ಸಮಯವನ್ನು ತಪ್ಪದೆ ತೋರಿಸುವ ಗಡಿಯಾರ ಬೇಕಿತ್ತು. ಹಡಗಿನ ಹೊಯ್ದಾಟಕ್ಕೆ ಯಾವ ಗಡಿಯಾರವೂ ತಾಳುತ್ತಿರಲಿಲ್ಲ. ಅರ್ಧ ಡಿಗ್ರಿಯೊಳಗೆ ರೇಖಾಂಶ ಕಂಡುಹಿಡಿಯುವ ಉಪಾಯ ಕೊಟ್ಟವರಿಗೆ 20,000 ಪೌಂಡ್ ಬಹುಮಾನವೆಂದು ಬ್ರಿಟಿಷ್ ಪಾರ್ಲಿಮೆಂಟು 1714ರಲ್ಲಿ ಕಾನೂನು ಮಾಡಿತು. ಜಾನ್ ಹ್ಯಾರಿಸನ್ ಎಂಬ ಬಡಗಿ ದಶಕಗಳ ಕಾಲ ದುಡಿದು, ಕೊನೆಗೆ 13 ಸೆಂಟಿಮೀಟರ್ ಅಗಲದ ಒಂದು ಗಡಿಯಾರ ಮಾಡಿದ. 1764ರಲ್ಲಿ ಅವನ ಮಗ ಅದನ್ನು ಹಡಗಿನಲ್ಲಿ ತಂದದ್ದು ಇದೇ ಬ್ರಿಜ್‌ಟೌನ್‌ಗೆ. ಗುರುಗ್ರಹದ ಉಪಗ್ರಹಗಳನ್ನು ನೋಡಿ ಊರಿನ ರೇಖಾಂಶ ಗೊತ್ತುಮಾಡಲು ಖಗೋಳಶಾಸ್ತ್ರಜ್ಞ ನೆವಿಲ್ ಮಾಸ್ಕೆಲಿನ್ ಮೊದಲೇ ಬಂದಿದ್ದ. 47 ದಿನಗಳಲ್ಲಿ ಗಡಿಯಾರ ತಪ್ಪಿದ್ದು ಸುಮಾರು 39 ಸೆಕೆಂಡು. ಎರಡು ನಿಮಿಷದವರೆಗೂ ವಿನಾಯಿತಿ ಇತ್ತು!

ಇಷ್ಟನ್ನು ಯಾವ ವಿಜ್ಞಾನದ ಮೇಷ್ಟ್ರೂ ಖುಷಿಯಿಂದ ಹೇಳಿಯಾರು. ಆದರೆ ಊರ ನಡುವೆ ಕರೀನೇಜ್ ಎಂಬ ಹಳೆಯ ಬಂದರು ಇದೆ. ಹಡಗುಗಳನ್ನು ಮಗ್ಗುಲಿಗೆ ವಾಲಿಸಿ ತಳ ಕೆರೆಯುತ್ತಿದ್ದರಿಂದ ಆ ಹೆಸರು. ಅಲ್ಲಿ ನಿಂತಾಗ, ಆ ಕಾಲದ ಹಡಗುಗಳು ಏನು ಹೊತ್ತು ತರುತ್ತಿದ್ದವು ಎಂಬುದನ್ನು ಮರೆಯಲಾಗುವುದಿಲ್ಲ. ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಸಕ್ಕರೆ. ಆಫ್ರಿಕಾದಿಂದ ಬರುವ ಹಡಗಿನಲ್ಲಿ ಸಂಕೋಲೆ ತೊಟ್ಟ ಮನುಷ್ಯರು. ಬಾರ್ಬಡೋಸಿನ 1661ರ ಕಾನೂನು ಅವರನ್ನು ಒಡೆಯರ ಸರಕುಗಳ ಸಾಲಿಗೆ ಸೇರಿಸಿತ್ತು. 1834ರಲ್ಲಿ ಗುಲಾಮಗಿರಿ ರದ್ದಾದಾಗ ಅದೇ ಪಾರ್ಲಿಮೆಂಟು ಸಾಮ್ರಾಜ್ಯದ ಒಡೆಯರಿಗೆಲ್ಲ ಒಟ್ಟು 2 ಕೋಟಿ ಪೌಂಡ್ ಪರಿಹಾರ ಗೊತ್ತುಮಾಡಿತು.

“ದುಡಿದವರಿಗೆ ಎಷ್ಟು ಕೊಟ್ಟರು?” ನನ್ನಾಕೆ ಕೇಳಿದಳು.

ಸೊನ್ನೆ. ಲೆಕ್ಕ ಸುಲಭ, ಹೇಳುವುದು ಕಷ್ಟ. ಸಾಲದೆಂಬಂತೆ, ತರಬೇತಿಯ ಹೆಸರಿನಲ್ಲಿ 1838ರವರೆಗೂ ಅದೇ ಒಡೆಯರ ಕೈಕೆಳಗೆ ಅವರು ಬಿಟ್ಟಿ ದುಡಿಯಬೇಕಾಯಿತು.

ಊರಿನ ಚೌಕದಲ್ಲಿ 1813ರಿಂದ ಇದ್ದ ಬ್ರಿಟಿಷ್ ನೌಕಾಪತಿ ನೆಲ್ಸನ್ನನ ಪ್ರತಿಮೆಯನ್ನು 2020ರಲ್ಲಿ ಇಳಿಸಿದರು. ಮರುವರ್ಷ ದೇಶ ಗಣರಾಜ್ಯವಾಯಿತು. ಹಾಗೆಂದು ಹಳೆಯ ಕಟ್ಟಡಗಳನ್ನೆಲ್ಲ ಕೆಡವಿಲ್ಲ. ಹಳೆಯ ಊರೂ ಪಕ್ಕದ ದಂಡುಪ್ರದೇಶವೂ 2011ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ನೋವಿನ ನೆನಪನ್ನು ಬಚ್ಚಿಡದೆ, ಊರನ್ನೂ ಕಳೆದುಕೊಳ್ಳದೆ ಬದುಕುವುದು ಸಣ್ಣ ಜಾಣ್ಮೆಯಲ್ಲ.

ತಂದೆ-ತಾಯಂದಿರಲ್ಲಿ ನನ್ನದೊಂದು ವಿನಂತಿ. ಪ್ರವಾಸಕ್ಕೆ ಕಡಲು ದಾಟಬೇಕಿಲ್ಲ. ಹತ್ತಿರದ ಕೋಟೆಯೋ ಅಣೆಕಟ್ಟೋ ಸಾಕು. ಅಲ್ಲಿ ಮಕ್ಕಳು ಎರಡು ಪ್ರಶ್ನೆ ಕೇಳುವಂತೆ ಮಾಡಿ: ಇದನ್ನು ಹೇಗೆ ಸಾಧಿಸಿದರು? ಇದರ ಬೆಲೆ ಯಾರು ತೆತ್ತರು? ಮೊದಲನೆಯದನ್ನಷ್ಟೇ ಕಲಿತವನು ಜಾಣನಾಗುತ್ತಾನೆ. ಎರಡನೆಯದನ್ನೂ ಕೇಳಲು ಕಲಿತವನು ಮನುಷ್ಯನಾಗುತ್ತಾನೆ.