ಪಾತ್ರಸಂಸ್ಕಾರ

‘ಪಾತ್ರ’ವೆಂಬ ಶಬ್ದವು ವಿಚಾರಯೋಗ್ಯವಾದುದು. ‘ಪಾ’ ಧಾತುವಿಗೆ ಕುಡಿಯುವುದೆಂದೂ ಕಾಪಾಡುವುದೆಂದೂ ಎರಡರ್ಥಗಳುಂಟು. ಯಾವುದರಿಂದ ಕುಡಿಯುವೆವೋ ಅದು ಪಾತ್ರ. ತನ್ನೊಳಗಿಟ್ಟುದನ್ನು ಯಾವುದು ಕಾಪಾಡುವುದೋ ಅದೂ ಪಾತ್ರವೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಬಿಡಿಸಿ ಹೇಳುತ್ತಿದ್ದರು. ದಾನಕ್ಕೆ ಅರ್ಹನಾದವನನ್ನೂ ಇದೇ ಶಬ್ದದಿಂದ ಕರೆಯುವುದುಂಟಷ್ಟೆ. ಒಳಗೆ ಹಾಕುವ ಪದಾರ್ಥವು ಎಷ್ಟೇ ಉತ್ತಮವಾಗಿರಲಿ, ಪಾತ್ರವು ಹದವಾಗಿಲ್ಲದಿದ್ದರೆ ಪದಾರ್ಥವು ಕೆಡುವುದು. ಕೆಲವು ವೇಳೆ ಹಾಕಿದವನನ್ನೂ ಕೆಡಿಸುವುದು. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿ ಕುದಿಸಬಾರದೆಂಬುದನ್ನು ನಮ್ಮ ಮನೆಗಳ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಮಾತಿಗೆ ಅತಿ ಸ್ಪಷ್ಟವಾದ ನಿದರ್ಶನವನ್ನು ನಾನು ಕಂಡುದು ಅಮೆರಿಕದ ಒಹಾಯೋ ಪ್ರಾಂತದಲ್ಲಿ, ಮಗಳ ಮನೆಯ ಮೋಟಾರುಕೊಟ್ಟಿಗೆಯಲ್ಲಿ. ನಮ್ಮ ಅಳಿಯಂದಿರಿಗೆ ಪಿಸ್ತೂಲಿನಿಂದ ಕಾಗದದ ಗುರಿಯನ್ನು ಹೊಡೆಯುವ ಪಂದ್ಯಗಳಲ್ಲಿ ಆಸಕ್ತಿ. ಅಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಒಮ್ಮೆ ಹಾರಿಸಿದ ತೋಟೆಯ ಹಿತ್ತಾಳೆಯ ಕೋಶವನ್ನು ಅವರು ಎಸೆಯುವುದಿಲ್ಲ. ಅದನ್ನು ಶುದ್ಧಿಮಾಡಿ, ಹೊಸ ಕೇಪು, ಮದ್ದು, ಗುಂಡುಗಳನ್ನಿಟ್ಟು ಪುನಃ ಉಪಯೋಗಿಸುವರು. ಬಾಶೆಟ್ಟಿಹಳ್ಳಿಯಿಂದ ಹೋದ ನಿವೃತ್ತ ಉಪಾಧ್ಯಾಯನಿಗೆ ಆ ಊರಿನಲ್ಲಿ ಹಗಲು ಕಳೆಯುವುದೇ ಕಷ್ಟವಾಗಿದ್ದುದರಿಂದ, ಪಕ್ಕದಲ್ಲಿ ಕುಳಿತು ನೋಡಲು ಅನುಮತಿ ಬೇಡಿದೆನು. “ಕುಳಿತುಕೊಳ್ಳಿ ಮಾವನವರೇ, ಆದರೆ ಮದ್ದು ಹಾಕುವಾಗ ಮಾತ್ರ ನನ್ನನ್ನು ಮಾತನಾಡಿಸಬೇಡಿ” ಎಂದರು.

ನೋಡಿದಷ್ಟನ್ನು ಹೇಳುವೆನು. ತೋಟೆಯು ಸಿಡಿದಾಗ ಕೋಶವು ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಳ್ಳುವುದು. ಬೆಂಕಿಯಂತಹ ಅನಿಲವು ಹಿಂದಕ್ಕೆ ನುಗ್ಗಿ ಹೊಡೆಯುವವನ ಮುಖವನ್ನು ಸುಡದಂತೆ ತಡೆಯುವುದು ಆ ಉಬ್ಬೇ. ಕಾಪಾಡುವುದೆಂಬ ಅರ್ಥವು ಇಲ್ಲಿ ಅಕ್ಷರಶಃ ಸಲ್ಲುವುದು. ಹೀಗೆ ಉಬ್ಬಿದ ಕೋಶವನ್ನು ಮೊದಲು ಗಟ್ಟಿಯಾದೊಂದು ಅಚ್ಚಿನೊಳಕ್ಕೆ ಒತ್ತಿ ಹಿಂದಿನ ಅಳತೆಗೆ ತರುವರು. ಅದೇ ಒತ್ತಿನಲ್ಲಿ ಅಚ್ಚಿನೊಳಗಿನ ಸೂಜಿಯು ಸುಟ್ಟ ಕೇಪನ್ನು ಹೊರಕ್ಕೆ ತಳ್ಳುವುದು. ಬಳಿಕ ಕೇಪು ಕೂರುವ ಕುಳಿಯ ಮಸಿಯನ್ನು ಕೆರೆದು ತೆಗೆದು, ಉದ್ದವನ್ನು ಅಳೆಯುವರು. ಒಂಬತ್ತು ಮಿಲಿಮೀಟರಿನ ಸಾಮಾನ್ಯ ಪಿಸ್ತೂಲಿನ ಕೋಶವು 19.15 ಮಿಲಿಮೀಟರಿಗೆ ಮೀರಿರಕೂಡದು. ಇಷ್ಟೂ ಆದಮೇಲೆ ಬರುವುದು ಬಾಯಿಯ ಕೆಲಸ. ನನ್ನ ಮನಸ್ಸನ್ನು ಹಿಡಿದುದು ಅದೇ.

ಅಚ್ಚಿನಿಂದ ಹೊರಬಂದ ಕೋಶದ ಬಾಯಿಯು ಗುಂಡಿಗಿಂತ ತುಸು ಕಿರಿದಾಗಿರುವುದು. ಹಾಗೆಯೇ ಗುಂಡನ್ನು ಒತ್ತಿದರೆ ಅಂಚು ಸೀಸವನ್ನು ಕೆತ್ತಿಹಾಕುವುದು, ಇಲ್ಲವೆ ಕೋಶವೇ ಮುದುಡುವುದು. ಆದುದರಿಂದ ಇನ್ನೊಂದು ಅಚ್ಚಿನಿಂದ ಬಾಯಂಚನ್ನು ಗಂಟೆಯಂತೆ ಹೊರಕ್ಕೆ ಅರಳಿಸುವರು. ಎಷ್ಟು? ಅರ್ಧ ಮಿಲಿಮೀಟರಿಗೂ ಕಡಮೆ. ಬೆರಳಿಗೆ ತಿಳಿಯಬೇಕು, ಕಣ್ಣಿಗೆ ತಿಳಿದೂ ತಿಳಿಯದಂತಿರಬೇಕು. ಹೆಚ್ಚು ಅರಳಿಸಿದರೆ ಹಿತ್ತಾಳೆಯು ಪ್ರತಿಸಲವೂ ಬಾಗಿ ಬಾಗಿ ಪೆಡಸಾಗಿ ಬೇಗನೆ ಸೀಳುವುದು. ಇನ್ನು ಹಿಡಿತವೇ ಸಡಿಲವಾದರೆ ಅಪಾಯವು ದೊಡ್ಡದು: ತೋಟೆಯು ನಳಿಗೆಗೇರುವಾಗ ಗುಂಡು ಮುಂದೆ ತಾಗಿ ಕೋಶದೊಳಕ್ಕೆ ಸರಿಯುವುದು, ಒಳಗಣ ಸ್ಥಳವು ಕುಗ್ಗುವುದರಿಂದ ಒತ್ತಡವು ಮಿತಿಮೀರಿ ಪಿಸ್ತೂಲೇ ಒಡೆಯಬಹುದು. ಗುಂಡು ಕೂತ ಮೇಲೆ ಅರಳಿದ ಅಂಚನ್ನು ಪುನಃ ನೆಟ್ಟಗೆ ಮಾಡುವರು. ರಿವಾಲ್ವರಿನ ತೋಟೆಯು ತಳದ ಅಂಚಿನ ಮೇಲೆ ನಿಲ್ಲುವುದರಿಂದ ಅದರ ಬಾಯನ್ನು ಗುಂಡಿನ ಗೀರಿನೊಳಕ್ಕೆ ಮಡಿಸಬಹುದು. ಪಿಸ್ತೂಲಿನ ತೋಟೆಯಾದರೋ ನಳಿಗೆಯಲ್ಲಿ ತನ್ನ ಬಾಯಂಚನ್ನೇ ಊರಿ ನಿಲ್ಲುವುದು. ಅದನ್ನು ಮಡಿಸಿದರೆ ನಿಲ್ಲುವ ನೆಲೆಯೇ ತಪ್ಪುವುದು. ನಮ್ಮ ದೊಡ್ಡಬಳ್ಳಾಪುರದ ನೇಕಾರರು ಹಾಸಿನ ಗಂಜಿಯ ವಿಷಯದಲ್ಲಿ ‘ಹದ’ವೆಂದು ಯಾವುದನ್ನು ಹೇಳುವರೋ ಅದೇ ಇದು.

ಕೋಶಗಳನ್ನು ಪರೀಕ್ಷಿಸುವ ಕ್ರಮವು ನನಗೆ ಬಹಳ ಹಿಡಿಸಿತು. ಅಳಿಯಂದಿರು ನಾಲ್ಕೈದನ್ನು ಅಂಗೈಯಲ್ಲಿ ಕುಲುಕಿ ಕಿವಿಗೊಡುವರು. ಬಿರುಕುಬಿಟ್ಟುದೊಂದು ಅವುಗಳಲ್ಲಿ ಸೇರಿದ್ದರೆ ನಾದವು ಒಡೆದು ಕೇಳುವುದು. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುವ ನಮ್ಮ ಮುದುಕಿಯರ ವಿದ್ಯೆಯೇ ಇದಲ್ಲವೆ! ದೋಷವುಳ್ಳ ಕೋಶವನ್ನು ಸುಮ್ಮನೆ ಬುಟ್ಟಿಗೆ ಹಾಕದೆ, ಇಕ್ಕಳದಿಂದ ಜಜ್ಜಿ ಹಾಕುವರು. ಮರೆತಾದರೂ ಮತ್ತೆ ಕೈಗೆ ಬರಬಾರದೆಂದು.

ಹಿತ್ತಾಳೆಯ ಬಿರುಕಿಗೆ ನಮ್ಮ ದೇಶದ ಕಥೆಯೊಂದುಂಟು. ಇಂಗ್ಲಿಷರ ಸೈನ್ಯವು ಭಾರತದಲ್ಲಿ ಮಳೆಗಾಲದಲ್ಲಿ ತೋಟೆಗಳನ್ನು ಕುದುರೆಲಾಯಗಳಲ್ಲಿಡುತ್ತಿತ್ತು. ಯಾರೂ ಮುಟ್ಟದಿದ್ದರೂ ಅವು ತಾವಾಗಿಯೇ ಸೀಳುತ್ತಿದ್ದವು. ಋತುವಿನಿಂದ ಬಂದ ಬಿರುಕೆಂದೇ ಅದಕ್ಕೆ ಹೆಸರಾಯಿತು. ಕುದುರೆಯ ಮೂತ್ರದಿಂದೇಳುವ ಅಮೋನಿಯಾ ವಾಯುವೂ, ತಯಾರಿಸುವಾಗಲೇ ಲೋಹದೊಳಗೆ ಉಳಿದ ಬಿಗುವೂ ಕೂಡಿ ಹೀಗಾಗುವುದೆಂದು 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬವರು ವಿವರಿಸಿದರು. ಅಮೋನಿಯಾ ಬೆರೆತ ಪಾಲಿಷಿನಿಂದ ಕೋಶಗಳನ್ನು ಉಜ್ಜಬಾರದೆಂಬ ನಿಯಮವು ಇದರಿಂದ ಬಂದುದು. ನಿಂಬೆಯ ಹುಳಿಯಲ್ಲಿರುವ ಆಮ್ಲದ ಪುಡಿಯನ್ನು ನೀರಿಗೆ ಹಾಕಿ ಅಳಿಯಂದಿರು ತೊಳೆಯುತ್ತಿದ್ದರು. “ನಮ್ಮಜ್ಜಿಯ ಹುಣಸೆಹಣ್ಣು ಇಲ್ಲಿಗೂ ಬಂದಿದೆಯಲ್ಲಾ!” ಎಂದು ಮಗಳು ನಕ್ಕಳು.

ಪಾತ್ರದ ಮಹಿಮೆಯನ್ನು ನಮ್ಮ ನಾಡು ಮೊದಲೇ ಬಲ್ಲುದು. ನಮಗೆ ಸಮೀಪದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಸೈನ್ಯದ ಅಗ್ನಿಬಾಣಗಳ ಹೆಚ್ಚುಗಾರಿಕೆಯಿದ್ದುದು ಕಬ್ಬಿಣದ ಕೊಳವೆಯಲ್ಲಿ. ಯೂರೋಪಿನವರು ಕಾಗದದ ಕೊಳವೆಯಲ್ಲಿ ತುಂಬುತ್ತಿದ್ದ ಮದ್ದನ್ನು ಇವರು ಕಬ್ಬಿಣದಲ್ಲಿ ಬಿಗಿದುದರಿಂದ ಬಾಣವು ಹೆಚ್ಚು ಒತ್ತಡವನ್ನು ತಾಳಿ ಹೆಚ್ಚು ದೂರ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಇಂಗ್ಲೆಂಡಿಗೆ ಒಯ್ದ ಬಾಣಗಳೇ ಕಾಂಗ್ರೀವನ ಪ್ರಯೋಗಗಳಿಗೆ ಪ್ರೇರಣೆಯಾದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಿಂದ ಇಂತಹ ಬಾಣಗಳು ಸಾವಿರಕ್ಕೂ ಮೇಲ್ಪಟ್ಟು ದೊರೆತವು. ಅಷ್ಟು ಕಾಲ ಕೆಸರಿನಲ್ಲಿದ್ದೂ ಉಳಿದುಬಂದುದು ಆ ಕಬ್ಬಿಣದ ಪಾತ್ರವೇ.

ಅಹಿಂಸೆಯನ್ನು ನಾಲ್ಕು ದಶಕ ಮಕ್ಕಳಿಗೆ ಪಾಠಹೇಳಿದವನಿಗೆ ಇದರಲ್ಲೇನು ಸಂತೋಷವೆಂದು ವಾಚಕರು ಕೇಳಬಹುದು. ಅಳಿಯಂದಿರನ್ನು ನಾನೂ ಕೇಳಿದೆನು: “ಏಳು ವರ್ಷದ ಮಗುವಿರುವ ಮನೆಯಲ್ಲಿ ಇದೇಕೆ?” ಅವರು ವಾದಿಸಲಿಲ್ಲ. ಪಿಸ್ತೂಲಿನ ಪೆಟ್ಟಿಗೆಯ ಬೀಗವನ್ನೂ, ಬೇರೊಂದು ಬೀರುವಿನಲ್ಲಿ ಬೇರೆ ಬೀಗದಲ್ಲಿದ್ದ ತೋಟೆಗಳನ್ನೂ ತೋರಿಸಿದರು. ಕೇಪಿನ ಮಸಿಯಲ್ಲಿ ಸೀಸವಿರುವುದರಿಂದ ಕೈ ತೊಳೆದು ಬಟ್ಟೆ ಬದಲಾಯಿಸದೆ ಅವರು ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ. ನನ್ನ ಮತವೇನೋ ಬದಲಾಗಲಿಲ್ಲ; ಮನೆಯಲ್ಲಿ ಆಯುಧವಿಲ್ಲದಿರುವುದೇ ಲೇಸು. ಆದರೂ ಅಪಾಯಕರವಾದ ವಸ್ತುವನ್ನು ಅಪಾಯಕರವೆಂದು ಪ್ರತಿಕ್ಷಣವೂ ನೆನೆದು ನಡೆಯುವವನ ಕೈಯಲ್ಲಿ ನನ್ನ ಮೊಮ್ಮಗಳು ಬೆಳೆಯುತ್ತಿರುವಳೆಂದು ಮನಸ್ಸಿಗೆ ಸಮಾಧಾನವಾಯಿತು.

ನಮ್ಮಲ್ಲಿ ಈ ಕೆಲಸವನ್ನು ಯಾರೂ ಅನುಕರಿಸತಕ್ಕದ್ದಲ್ಲ. 1959ರ ಆಯುಧ ಕಾಯಿದೆಯಲ್ಲಿ ತೋಟೆಯ ಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಮದ್ದುಗುಂಡುಗಳೆಂದೇ ಗಣಿತವಾಗಿವೆ. ಪರವಾನಗಿಯಿಲ್ಲದೆ ತಯಾರಿಸುವುದು ಅಪರಾಧ. ಆದರೆ ಮಲೆನಾಡಿನ ಬಂಧುಗಳ ಮನೆಗಳಲ್ಲಿ ತಾತಂದಿರ ಕಾಲದ ಕೋವಿಯ ಜೊತೆಗೆ ಹಳೆಯ ತೋಟೆಗಳು ಇನ್ನೂ ಉಳಿದಿರುವುದುಂಟು. ಕೆಲವು ಕಡೆ ದನದ ಕೊಟ್ಟಿಗೆಯ ಅಟ್ಟದ ಮೇಲೆಯೇ. ಗಂಜಲದ ವಾಯುವು ಹಿತ್ತಾಳೆಗೆ ಕುದುರೆಲಾಯದ ವಾಯುವಿಗಿಂತ ಬೇರೆಯಲ್ಲ. ಅಂತಹವು ಯಾರಲ್ಲಾದರೂ ಇದ್ದರೆ ಈ ಮಳೆಗಾಲಕ್ಕೆ ಮುಂಚೆಯೇ ಪೊಲೀಸ್ ಠಾಣೆಗೆ ತಿಳಿಸಿ ಒಪ್ಪಿಸಿಬಿಡುವುದು ಒಳ್ಳೆಯದು. ಮಕ್ಕಳ ಕೈ ಅಟ್ಟದವರೆಗೂ ಎಟಕುವುದು.