ಗಿಯರಿ ಬೀದಿಯ ಮೆಕ್ಸಿಕನ್ ಖಾನಾವಳಿ

ಸಾನ್‌ಫ್ರಾನ್ಸಿಸ್ಕೊ ನಗರಕ್ಕೆ ಹೋದವರು ಕೆಂಪು ಸೇತುವೆಯನ್ನು ನೋಡದೆ ಬರಬಾರದೆಂದು ಎಲ್ಲರೂ ಹೇಳುತ್ತಾರೆ. ನೋಡಿದ್ದಾಯಿತು. ಮಂಜು ಕವಿದಿದ್ದುದರಿಂದ ಕಂಡದ್ದು ಅರ್ಧ ಸೇತುವೆ. ಅದನ್ನು ಬಣ್ಣಿಸಿದವರು ಬೇಕಾದಷ್ಟು ಜನ ಇದ್ದಾರೆ. ನಾನು ವಾಚಕರನ್ನು ಕರೆದೊಯ್ಯುವುದು ಒಂದು ಊಟದ ಮನೆಗೆ.

ಪೇಟೆಯಲ್ಲಿ 38ನೆಯ ನಂಬರಿನ ಬಸ್ಸು ಹತ್ತಿದರೆ ಅದು ಗಿಯರಿ ಬೀದಿಯನ್ನೇ ಹಿಡಿದು ಪಶ್ಚಿಮದ ಸಮುದ್ರದತ್ತ ಸಾಗುತ್ತದೆ. ಮುಗಿಲೆತ್ತರದ ಕಟ್ಟಡಗಳೆಲ್ಲ ಹಿಂದುಳಿದು ರಿಚ್ಮಂಡ್ ಎಂಬ ಬಡಾವಣೆ ಬರುತ್ತದೆ. ಸಂಸಾರಸ್ಥರ ಮನೆಗಳು, ಚೀನೀಯರ ಅಂಗಡಿಗಳು, ಚಿನ್ನದ ಗುಮ್ಮಟಗಳ ರಷ್ಯನ್ ಇಗರ್ಜಿ. ಆ ಇಗರ್ಜಿಗೆ ಸ್ವಲ್ಪ ಮುಂಚೆ, 24ನೆಯ ಅವೆನ್ಯೂ ಬಳಿ, ‘ಟಾಮೀಸ್’ ಎಂಬ ಖಾನಾವಳಿಯಿದೆ. ಟೊಮಾಸ್ ಮತ್ತು ಎಲ್ಮಿ ಬೆರ್ಮೆಹೊ ಎಂಬ ದಂಪತಿಗಳು 1965ರಲ್ಲಿ ಅದನ್ನು ತೆರೆದರು. ಅವರು ಮೆಕ್ಸಿಕೊ ದೇಶದ ಯುಕಟಾನ್ ಪ್ರಾಂತದಿಂದ ಬಂದವರು.

ಆ ಯುಕಟಾನಿನ ಅಡಿಗೆಯ ವಿಷಯ ನಮ್ಮ ಗೃಹಿಣಿಯರಿಗೆ ರುಚಿಸೀತು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ಅರೆದು, ತಟ್ಟಿ ಸುಟ್ಟರೆ ಟೋರ್ಟಿಯಾ—ನಮ್ಮ ಜೋಳದ ರೊಟ್ಟಿಯ ಕಿರಿಯ ತಮ್ಮ. ಮಾಂಸಕ್ಕೆ ಅಚಿಯೋಟೆ ಎಂಬ ಕೆಂಪು ಬೀಜದ ಮಸಾಲೆಯನ್ನೂ ಹುಳಿ ಕಿತ್ತಳೆಯ ರಸವನ್ನೂ ಹಚ್ಚಿ, ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸುವುದು ಅಲ್ಲಿನ ಹಳೆಯ ಪದ್ಧತಿ. ಬಾಳೆಯೆಲೆ ಎಂದೊಡನೆ ನಮಗೆ ನೆಂಟಸ್ತಿಕೆ ಹುಟ್ಟುತ್ತದಲ್ಲವೆ? ಆದರೆ ಶಾಕಾಹಾರಿಗಳು ಎಚ್ಚರದಿಂದಿರಬೇಕು. ಬೇಯಿಸಿ ಹಿಸುಕಿದ ಕಾಳಿಗೂ ಹಂದಿಯ ಕೊಬ್ಬು ಹಾಕುವ ವಾಡಿಕೆ ಮೆಕ್ಸಿಕನ್ ಅಡಿಗೆಯಲ್ಲುಂಟು. ಮೊದಲೇ ಕೇಳಿಕೊಂಡರೆ ಕ್ಷೇಮ. ಕರಿದ ರೊಟ್ಟಿಯ ಚೂರು, ಟೊಮೇಟೊ ಮತ್ತು ಮೆಣಸಿನಕಾಯಿಯ ಗೊಜ್ಜು, ಇವಕ್ಕೆ ಅಡ್ಡಿಯಿಲ್ಲ.

ಇನ್ನು ಮದ್ಯದ ಮಾತು. ಸಂಸಾರಗಳು ಓದುವ ಪತ್ರಿಕೆಯಲ್ಲಿ ಇದೇಕೆಂದು ಹಿರಿಯರು ಹುಬ್ಬೇರಿಸಬಹುದು. ಕುಡಿಯಿರೆಂದು ಹೇಳಲು ಅಲ್ಲ. ಆ ಕುಟುಂಬದ ಕಥೆಯೇ ಅದರಲ್ಲಿದೆ. ಟಕೀಲಾ ಎಂಬ ಪಾನೀಯವನ್ನು ಇಳಿಸುವುದು ಕತ್ತಾಳೆಯಿಂದ. ಹೌದು, ನಮ್ಮ ಹೊಲದ ಬೇಲಿಯ ಕತ್ತಾಳೆಯ ದಾಯಾದಿಯಿಂದಲೇ. ಅದರ ತವರೂ ಅಮೆರಿಕವೇ. ನೀಲಿ ಕತ್ತಾಳೆ ಬಲಿಯಲು ಆರರಿಂದ ಎಂಟು ವರ್ಷ ಹಿಡಿಯುತ್ತದೆ. ಎಲೆಗಳನ್ನು ಸವರಿ, ಅನಾನಸಿನಂತೆ ಕಾಣುವ ಅದರ ದಿಂಡನ್ನು ಸುಟ್ಟು, ಹಿಂಡಿ, ಹುಳಿಯಿಸಿ, ಭಟ್ಟಿ ಇಳಿಸುತ್ತಾರೆ. ಇಷ್ಟು ಕಾಯುವ ತಾಳ್ಮೆ ವ್ಯಾಪಾರಕ್ಕೆಲ್ಲಿ? ಶೇಕಡಾ 51ರಷ್ಟು ಕತ್ತಾಳೆಯ ಸಕ್ಕರೆಯಿದ್ದರೆ ಉಳಿದದ್ದು ಬೇರೆ ಸಕ್ಕರೆಯಾದರೂ ಸರಿಯೆಂದು ಕಾನೂನೇ ಒಪ್ಪುತ್ತದೆ. ಅಮೆರಿಕಕ್ಕೆ ಬರುತ್ತಿದ್ದುದು ಹೆಚ್ಚಾಗಿ ಈ ಬೆರಕೆಯೇ. ಅದಕ್ಕೆ ಸೀಸೆಯ ಹುಳಿನೀರನ್ನೂ ಕಿತ್ತಳೆಯ ಸಿಹಿಮದ್ಯವನ್ನೂ ಸುರಿದು ‘ಮಾರ್ಗರೀಟಾ’ ಎಂದು ಮಾರುವುದು ಅಲ್ಲಿ ಸಾಮಾನ್ಯವಾಗಿತ್ತು. ಮೆಕ್ಸಿಕೊ ಎಂದರೆ ಅಗ್ಗದ ಊಟ, ತಲೆನೋವಿನ ಕುಡಿತ ಎಂಬ ಹೆಸರೂ ಬಂತು. ಪರಊರಿನಲ್ಲಿ ಗಿರಾಕಿಯ ನಾಲಿಗೆಗೆ ತಕ್ಕಂತೆ ಸಾರಿಗೆ ಸಕ್ಕರೆ ಸುರಿಯುವವರನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಬೆರ್ಮೆಹೊ ದಂಪತಿಗಳ ಮಗ ಹೂಲಿಯೊ 1990ರ ಸುಮಾರಿಗೆ ಈ ಪಾನೀಯವನ್ನು ತಿದ್ದಿದ. ಸೇರಿಸಿದ್ದಕ್ಕಿಂತ ತೆಗೆದದ್ದೇ ಹೆಚ್ಚು. ಕಿತ್ತಳೆಯ ಸಿಹಿಮದ್ಯ ಹೋಯಿತು, ಬೆರಕೆ ಟಕೀಲಾ ಹೋಯಿತು. ಶುದ್ಧ ಕತ್ತಾಳೆಯ ಟಕೀಲಾ, ಆಗ ತಾನೆ ಹಿಂಡಿದ ನಿಂಬೆರಸ, ಸಿಹಿಗೆ ಕತ್ತಾಳೆಯದೇ ಪಾಕ, ಅಷ್ಟೆ. ಖರ್ಚು ಹೆಚ್ಚು, ದುಡಿಮೆ ಹೆಚ್ಚು. ಬಡಾವಣೆಯ ಗಿರಾಕಿ ಅಷ್ಟು ಬೆಲೆ ತೆರದಿದ್ದರೆ ಅಪ್ಪ ಅಮ್ಮ ಕಟ್ಟಿದ ಅಂಗಡಿಗೇ ಸಂಚಕಾರ. ಗಿರಾಕಿ ತೆತ್ತ. ಈಗ ‘ಟಾಮೀಸ್ ಮಾರ್ಗರೀಟಾ’ ಜಗತ್ತಿನ ಪಾನಗೃಹಗಳಲ್ಲೆಲ್ಲ ಬಲ್ಲ ಹೆಸರು. ಪಾನಕಾರರ ಅಂತರರಾಷ್ಟ್ರೀಯ ಸಂಘದ ಪಟ್ಟಿಯಲ್ಲಿಯೂ ಅದು ಸೇರಿದೆ. ಮೆಕ್ಸಿಕೊ ಆತನನ್ನು ಟಕೀಲಾದ ರಾಯಭಾರಿಯೆಂದು ಗೌರವಿಸಿದೆ.

ಇದರಲ್ಲೊಂದು ತಮಾಷೆಯುಂಟು. ಟಕೀಲಾ ಯುಕಟಾನಿನದಲ್ಲ, ಅದು ದೂರದ ಹಲಿಸ್ಕೊ ಸೀಮೆಯದು. ಯುಕಟಾನಿನ ಕತ್ತಾಳೆ ನಾರಿಗೆ, ಹಗ್ಗಕ್ಕೆ ಹೆಸರಾದದ್ದು; ಅಲ್ಲಿನ ಸಿಸಾಲ್ ರೇವಿನ ಹೆಸರೇ ನಾರಿಗೂ ಅಂಟಿತು. ಮಂಗಳೂರಿನ ಹುಡುಗ ಮಾಟುಂಗದಲ್ಲಿ ಕುಳಿತು ಧಾರವಾಡದ ಪೇಢೆಯ ಮಾನ ಉಳಿಸಿದಂತಾಯಿತು! ಪರದೇಶಕ್ಕೆ ಹೋದ ಮೇಲೆ ತವರಿನ ಸೀಮೆಗಳೆಲ್ಲ ಒಂದಾಗುತ್ತವೆಯೋ ಏನೋ.

ಮಾಟುಂಗದ ಸ್ಟೇಷನ್ನಿನ ಬಳಿ 1942ರಲ್ಲಿ ಆರಂಭವಾದ ರಾಮಾ ನಾಯಕರ ಉಡುಪಿ ಭೋಜನಾಲಯದಲ್ಲಿ ಉಂಡವರು ನಮ್ಮಲ್ಲಿ ಅನೇಕರಿದ್ದಾರೆ. ಇಂಥ ಮನೆಗಳನ್ನು ಕಟ್ಟಿದ ಹಿರಿಯರಿಗೆಲ್ಲ ಇರುವ ಚಿಂತೆ ಒಂದೇ: ನಾಳೆ ಗಲ್ಲಾದ ಮೇಲೆ ಯಾರು ಕೂಡುವರು? ಓದಿದ ಮಗ ಹೋಟೆಲಿಗೆ ಬರಲೊಲ್ಲ. ಬಂದರೆ ಹಳೆಯದನ್ನೆಲ್ಲ ಕಿತ್ತು ಹೊಸದು ಮಾಡುತ್ತೇನೆನ್ನುತ್ತಾನೆ. ಗಿಯರಿ ಬೀದಿಯ ಮಗನೂ ಹೊಸದನ್ನೇ ಮಾಡಿದ. ಆದರೆ ಅದನ್ನು ಹುಡುಕಿದ್ದು ತಂದೆತಾಯಿಗಳ ದೇಶದಲ್ಲಿ.

ಕುಡಿಯದವರು ನಿಂಬೆರಸಕ್ಕೆ ಕತ್ತಾಳೆಯ ಪಾಕ ಹಾಕಿಸಿ ಪಾನಕ ಮಾಡಿಸಿಕೊಳ್ಳಬಹುದು. ಜೇನಿಗಿಂತ ತೆಳು, ಬೆಲ್ಲಕ್ಕಿಂತ ಹಗುರ. ಶನಿವಾರ ಸಂಜೆ ಹೋದರೆ ಕಾಯಬೇಕಾದೀತು, ನಡುವಾರ ಮೇಲು.